ಆಕ್ಷೇಪದ ದಿನಾಂಕ: ಪೂರ್ವ ಬೆಂಗಳೂರಿನ ಕಟ್ಟಡ ಉಪಗುತ್ತಿಗೆ ವ್ಯಾಜ್ಯಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ಮುಖ್ಯ ಗುತ್ತಿಗೆದಾರರಿಗೂ ಉಪಗುತ್ತಿಗೆದಾರರಿಗೂ ನಡುವೆ ಏಳುವ ವ್ಯಾಜ್ಯಗಳನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ಕಾಣಲಾಗುತ್ತದೆ. ಹಣ ಬಂದಿಲ್ಲ ಎಂಬುದು ಒಂದು, ಕೆಲಸ ಸರಿಯಿಲ್ಲ ಎಂಬುದು ಇನ್ನೊಂದು. ಇವೆರಡೂ ಬಹುಮಟ್ಟಿಗೆ ಒಂದೇ ವ್ಯಾಜ್ಯದ ಎರಡು ಮುಖಗಳು. ಕೆಲಸದ ಮೇಲಿನ ಆಕ್ಷೇಪ ಬರಹದಲ್ಲಿ ಯಾವ ದಿನ ದಾಖಲಾಯಿತು ಎಂಬುದರ ಮೇಲೆ ಅದರ ಗತಿ ಬಹುಪಾಲು ನಿಂತಿದೆ. ಈ ಟಿಪ್ಪಣಿಯ ಪ್ರತಿಪಾದನೆ ಇಷ್ಟೇ.

'ಉಪಗುತ್ತಿಗೆದಾರ' ಎಂಬ ಪದದಲ್ಲಿ ಇಲ್ಲಿ ಗಾರೆ ಮೇಸ್ತ್ರಿ, ಸೆಂಟ್ರಿಂಗ್‌ನವರು, ಬಾರ್ ಬೆಂಡಿಂಗ್‌ನವರು, ಟೈಲ್ಸ್, ಪೇಂಟಿಂಗ್, ಪ್ಲಂಬಿಂಗ್ ಹಾಗೂ ವೈರಿಂಗ್ ಕೆಲಸ ಹಿಡಿದವರೆಲ್ಲ ಸೇರುತ್ತಾರೆ. ಬರೀ ಕೂಲಿಯ 'ಲೇಬರ್ ಕಾಂಟ್ರಾಕ್ಟ್' ಮತ್ತು ಸಾಮಗ್ರಿ ಸೇರಿದ 'ವಿತ್ ಮೆಟೀರಿಯಲ್' ಗುತ್ತಿಗೆಗಳ ನಡುವಿನ ಭೇದಕ್ಕೆ ಕಾನೂನಿನಲ್ಲಿಯೂ ಅರ್ಥವಿದೆ (ವಿಭಾಗ 5). ಶಿವಾಜಿನಗರದ ಅಂಗಡಿ ದುರಸ್ತಿ, ಹಲಸೂರು–ಇಂದಿರಾನಗರಗಳಲ್ಲಿ ಹಳೆಯ ಮನೆ ಕೆಡವಿ ಏಳುವ ಮಹಡಿಗಳು, ಕೆ.ಆರ್. ಪುರದ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಗಾತ್ರದಲ್ಲಿ ಬೇರೆಯಾದರೂ ವ್ಯಾಜ್ಯದ ರಚನೆ ಹೆಚ್ಚು ಬೇರೆಯಾಗಿರುವಂತೆ ತೋರುವುದಿಲ್ಲ.

2. ಕಾಲದ ಹಿನ್ನೆಲೆ

ಬೆಂಗಳೂರಿನ ದಂಡು ಪ್ರದೇಶ ನೆಲೆಗೊಂಡದ್ದು 1809ರಲ್ಲಿ. ಗುತ್ತಿಗೆಯಿಂದ ದೊಡ್ಡ ಕಟ್ಟಡ ಕಟ್ಟಿಸುವ ಪದ್ಧತಿ ಇಲ್ಲಿ 1872ರ ಭಾರತೀಯ ಕರಾರು ಕಾಯ್ದೆಗಿಂತ ಹಳೆಯದು. 1864–68ರ ಅವಧಿಯಲ್ಲಿ ಎದ್ದ ಅಠಾರಾ ಕಚೇರಿಯ ಗುತ್ತಿಗೆದಾರರು ದಂಡು ಪ್ರದೇಶದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1947ರ ಜುಲೈ 26ರಂದು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಸಿಕೊಂಡಿದ್ದ ಈ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ನಗರ ಸಿವಿಲ್ ನ್ಯಾಯಾಲಯದ ಒಂದು ಘಟಕ ಇಂದಿಗೂ ಅಲ್ಲಿನ ಮೇಯೋ ಹಾಲ್ ಆವರಣದಲ್ಲಿದೆ.

3. ಅಳತೆ: 'ಚದರ' ಎಂಬ ಪದದ ಎರಡು ಅರ್ಥ

ಬೆಂಗಳೂರಿನ ಕಟ್ಟಡ ಮಾತಿನಲ್ಲಿ ಒಂದು ಚದರ ಎಂದರೆ 100 ಚದರ ಅಡಿ, ಅಂದರೆ 9.29 ಚದರ ಮೀಟರ್. ಮನೆ ಎಷ್ಟು ಚದರ ಎಂದಾಗ ಕಟ್ಟಿದ ವಿಸ್ತೀರ್ಣ. ಪ್ಲಾಸ್ಟರಿಂಗ್ ಎಷ್ಟು ಚದರ ಎಂದಾಗ ಗೋಡೆಯ ಮೇಲ್ಮೈ. ಬಾಯಿಮಾತಿನ ಕರಾರಿನಲ್ಲಿ ಇವೆರಡೂ ಬೆರೆತರೆ ಬಿಲ್ಲಿನ ಮೊತ್ತ ಆರಂಭದಿಂದಲೇ ಎರಡಾಗುತ್ತದೆ.

ಎರಡನೆಯ ವ್ಯತ್ಯಾಸ ಬಾಗಿಲು–ಕಿಟಕಿಗಳ ಕಡಿತದ್ದು. ಭಾರತೀಯ ಮಾನಕ (ಐಎಸ್) 1200ರ 12ನೆಯ ಭಾಗದ ಪ್ರಕಾರ 0.5 ಚದರ ಮೀಟರ್‌ವರೆಗಿನ ತೆರಪಿಗೆ ಕಡಿತವಿಲ್ಲ. 0.5ರಿಂದ 3 ಚದರ ಮೀಟರ್‌ವರೆಗೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಾರೆಯಿದ್ದರೆ, ಒಂದು ಮುಖಕ್ಕೆ ಮಾತ್ರ ಕಡಿತ. ಕಿಟಕಿ–ಬಾಗಿಲ ಒಳಬದಿಗಳ ಗಾರೆಯನ್ನು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. 3 ಚದರ ಮೀಟರ್ ಮೀರಿದರೆ ಎರಡೂ ಮುಖ ಕಡಿತ, ಆದರೆ ಒಳಬದಿಗಳು ಸೇರುತ್ತವೆ.

ಒಂದು ಲೆಕ್ಕ: 1.2×1.2 ಮೀಟರಿನ 10 ಕಿಟಕಿ (ತಲಾ 1.44 ಚದರ ಮೀಟರ್), 1.0×2.1 ಮೀಟರಿನ 10 ಬಾಗಿಲು (ತಲಾ 2.10). ಒಂದು ಮುಖದ ಕಡಿತ 35.4 ಚದರ ಮೀಟರ್. ಸೈಟ್‌ನಲ್ಲಿ ಎರಡೂ ಮುಖ ಕಳೆದರೆ ಇನ್ನೂ 35.4 ಚದರ ಮೀಟರ್, ಸುಮಾರು 381 ಚದರ ಅಡಿ, ಮೇಸ್ತ್ರಿಯ ಬಿಲ್ಲಿನಿಂದ ಇಳಿಯುತ್ತದೆ. ಚದರದ ಮಾತಿನಲ್ಲಿ ಇದು 3.8 ಚದರ. ಒಳಬದಿಯ ಕೆಲಸಕ್ಕೂ ಆಗ ಹಣವಿಲ್ಲ. ಇಬ್ಬರೂ ಪ್ರಾಮಾಣಿಕರಿದ್ದರೂ ಈ ಅಂತರ ಹುಟ್ಟಬಹುದು. ಕರಾರಿನಲ್ಲಿ ಉಲ್ಲೇಖವಿಲ್ಲದೆ ಈ ಮಾನಕ ತಾನಾಗಿ ಅನ್ವಯಿಸದು ಎಂಬುದನ್ನು ಗಮನಿಸಬೇಕು.

4. ಕೆಲಸದ ಗುಣ: ನೀರು ಹಾಕುವವರು ಯಾರು?

ಸೀಳು ಬಿಟ್ಟ ಸ್ಲ್ಯಾಬ್ ಅಥವಾ ಗಾರೆಯ ಬಗ್ಗೆ ಏಳುವ ಆರೋಪಗಳಲ್ಲಿ ಕ್ಯೂರಿಂಗ್ ಮತ್ತೆ ಮತ್ತೆ ಬರುತ್ತದೆ. ಐಎಸ್ 456:2000ರ 13.5.1ನೆಯ ಖಂಡ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಎನ್ನುತ್ತದೆ. ಒಣ, ಬಿಸಿ ಹವೆಗೆ ತೆರೆದ ಕಾಂಕ್ರೀಟಿಗೂ 10 ದಿನಕ್ಕೆ ಕಡಿಮೆಯಿರಬಾರದು. ಸೈಟ್‌ಗೆ ಬಂದದ್ದು ಮಿಶ್ರ ಸಿಮೆಂಟಿನ (ಪಿಪಿಸಿ) ಚೀಲವಾಗಿದ್ದು, ಕರಾರಿನಲ್ಲಿ '7 ದಿನ' ಎಂದಿದ್ದರೆ, ಮೇಸ್ತ್ರಿ ಕರಾರು ಪಾಲಿಸಿಯೂ ಮಾನಕಕ್ಕೆ 3 ದಿನ ಕಡಿಮೆ ಬೀಳುತ್ತಾನೆ. ಲೇಬರ್ ಕಾಂಟ್ರಾಕ್ಟ್‌ನಲ್ಲಿ ನೀರಿನ ಟ್ಯಾಂಕರ್ ತರಿಸುವ ಹೊಣೆ ಮುಖ್ಯ ಗುತ್ತಿಗೆದಾರರದ್ದಾಗಿದ್ದರೆ ದೋಷದ ಹಂಚಿಕೆ ಇನ್ನೂ ಜಟಿಲ.

ಸೆಂಟ್ರಿಂಗ್ ಬಿಚ್ಚುವ ಅವಧಿಯೂ ಇಂಥದೇ. ಅದೇ ಮಾನಕದ 11.3.1ನೆಯ ಖಂಡದಲ್ಲಿ, 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಧಾರಕ್ಕೆ 7 ದಿನ, ಅದಕ್ಕೂ ಮೀರಿದರೆ 14. 6 ಮೀಟರ್‌ವರೆಗಿನ ತೊಲೆಗೆ 14, ಮೀರಿದರೆ 21. ಜಾಕ್, ಶೀಟುಗಳನ್ನು ಇನ್ನೊಂದು ಸೈಟ್‌ಗೆ ಒಯ್ಯುವ ಅವಸರ ಸೆಂಟ್ರಿಂಗ್‌ನವರದೋ, ಮುಂದಿನ ಕೆಲಸ ಹಿಡಿಸುವ ಒತ್ತಡ ಮುಖ್ಯ ಗುತ್ತಿಗೆದಾರರದೋ ಎಂಬುದನ್ನು ದಿನಚರಿ ಪುಸ್ತಕವೊಂದೇ ಹೇಳಬಲ್ಲದು.

5. ಅಂಗೀಕಾರ ಮತ್ತು 15 ದಿನ

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ 2(ಬಿ) ಕಲಂ ಈ ಟಿಪ್ಪಣಿಯ ಮುಖ್ಯ ಆಧಾರ. ಸೇವೆ ಸಲ್ಲಿಸಿದ 15 ದಿನದೊಳಗೆ ಖರೀದಿದಾರರು (ಇಲ್ಲಿ ಮುಖ್ಯ ಗುತ್ತಿಗೆದಾರರು) ಬರಹದಲ್ಲಿ ಆಕ್ಷೇಪಿಸದಿದ್ದರೆ ಸೇವೆ ಸಲ್ಲಿಸಿದ ದಿನವೇ ಅಂಗೀಕಾರದ ದಿನವೆಂದು ಭಾವಿಸಲಾಗುತ್ತದೆ. ಆಕ್ಷೇಪಿಸಿದ್ದರೆ, ದೋಷ ನಿವಾರಣೆಯಾದ ದಿನ ಅಂಗೀಕಾರದ ದಿನ. ಕಾಯ್ದೆಯ ಭಾಷೆಯಲ್ಲಿ ಗುಣದ ಪ್ರಶ್ನೆಯೂ ಹಣದ ಪ್ರಶ್ನೆಯೂ ಹೀಗೆ ಒಂದೇ ದಿನಾಂಕಕ್ಕೆ ಗಂಟು ಬೀಳುತ್ತವೆ.

ಪಾವತಿಗೆ '45 ದಿನ' ಎಂಬ ಜನಜನಿತ ಮಾತು ಪೂರ್ತಿ ನಿಖರವಲ್ಲ. 15ನೆಯ ಕಲಂ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ. ಇಲ್ಲದಿದ್ದರೆ ಅಂಗೀಕಾರದಿಂದ 15 ದಿನ. ತಡವಾದರೆ 16ನೆಯ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ ಶೇ. 6.75 ಇತ್ತು, ಮೂರು ಪಟ್ಟು ಶೇ. 20.25. ಒಂದು ಲಕ್ಷ ರೂಪಾಯಿಗೆ ಆರು ತಿಂಗಳಲ್ಲಿ ಇದು ಸುಮಾರು 10,562 ರೂ.

ಮೂರು ಮಿತಿಗಳನ್ನು ಹೇಳಬೇಕು. (ಅ) ಪಾವತಿ ಪಡೆಯಬೇಕಾದವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿರಬೇಕು. (ಆ) ನೋಂದಣಿ ಕರಾರಿಗೆ ಮುಂಚೆ ಆಗಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲಾಯಿತು. (ಇ) ಸಾಮಗ್ರಿ–ಕೂಲಿ ಬೆರೆತ ಕಾಮಗಾರಿ ಕರಾರು ಈ ಕಾಯ್ದೆಯ ಹೊರಗೆ ಎಂಬ ಹೈಕೋರ್ಟ್ ತೀರ್ಪುಗಳಿವೆ. ಆ ದೃಷ್ಟಿಯಿಂದ ಬರೀ ಲೇಬರ್ ಕಾಂಟ್ರಾಕ್ಟ್ 'ಸೇವೆ' ಎಂಬ ವಾದ ಹೆಚ್ಚು ಸುಲಭವೆಂದು ತೋರುತ್ತದೆ.

6. ಹೊಂದದ ಅವಧಿಗಳು

ಲೆಕ್ಕಕ್ಕಾಗಿ ಒಂದು ಪ್ಲಾಸ್ಟರಿಂಗ್ ಕೆಲಸ 2024ರ ಮಾರ್ಚ್ 1ಕ್ಕೆ ಮುಗಿಯಿತು, ಇನ್‌ವಾಯ್ಸ್ ಏಪ್ರಿಲ್ 10ರದ್ದು, ಲಿಖಿತ ಆಕ್ಷೇಪವಿಲ್ಲ ಎಂದುಕೊಳ್ಳೋಣ. ಪಾವತಿಯ ಒಪ್ಪಂದವಿಲ್ಲದಿದ್ದರೆ ಮಾರ್ಚ್ 16ರೊಳಗೆ, 45 ದಿನದ ಒಪ್ಪಂದವಿದ್ದರೆ ಏಪ್ರಿಲ್ 15ರೊಳಗೆ ಹಣ ಸಲ್ಲಬೇಕು. ಜಿಎಸ್‌ಟಿಯ 16(2) ಕಲಂನ 180 ದಿನ ಇನ್‌ವಾಯ್ಸ್ ದಿನಾಂಕದಿಂದ ಎಣಿಕೆಯಾಗಿ ಅಕ್ಟೋಬರ್ 7ಕ್ಕೆ ಮುಗಿಯುತ್ತದೆ; ಆ ನಂತರ ಹಣ ಕೊಡದ ಮುಖ್ಯ ಗುತ್ತಿಗೆದಾರರು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. 1963ರ ಕಾಲಮಿತಿ ಕಾಯ್ದೆಯ 18ನೆಯ ಅನುಚ್ಛೇದದ ಮೂರು ವರ್ಷ, ಪಾವತಿಗೆ ದಿನ ಗೊತ್ತುಮಾಡದ ಕಡೆ, ಕೆಲಸ ಮುಗಿದ ದಿನದಿಂದ ಆರಂಭವಾಗಿ 2027ರ ಮಾರ್ಚ್ 1ಕ್ಕೆ ಮುಗಿಯುತ್ತದೆ.

ಬಿಲ್ ಕೊಟ್ಟ ದಿನದಿಂದ ಮೂರು ವರ್ಷ ಎಂದು ನಂಬಿದ ಉಪಗುತ್ತಿಗೆದಾರ ಇಲ್ಲಿ 40 ದಿನ ತಪ್ಪುತ್ತಾನೆ. ಅದೇ ಕಾಲಮಿತಿ ಕಾಯ್ದೆಯ 18, 19ನೆಯ ಕಲಂಗಳ ಪ್ರಕಾರ ಅವಧಿಯೊಳಗಿನ ಲಿಖಿತ ಒಪ್ಪಿಗೆ ಅಥವಾ ಬರಹದಲ್ಲಿ ದಾಖಲಾದ ಭಾಗಶಃ ಪಾವತಿ ಹೊಸ ಅವಧಿ ತೆರೆಯುತ್ತದೆ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕೋವಿಡ್ ಅವಧಿಯನ್ನು ಸುಪ್ರೀಂ ಕೋರ್ಟ್ 2022ರ ಜನವರಿ 10ರ ಆದೇಶದಿಂದ ಕಾಲಮಿತಿಯ ಎಣಿಕೆಯಿಂದ ಹೊರಗಿಟ್ಟಿದೆ. ಹಳೆಯ ಬಾಕಿಗಳಲ್ಲಿ ಇದನ್ನು ಮರೆಯಬಾರದು.

ಈ ಅವಧಿಗಳ ಪಕ್ಕದಲ್ಲಿ ಶನಿವಾರದ ಬಟವಾಡೆಯನ್ನು ಇಡಬೇಕು. ಮೇಸ್ತ್ರಿ ಕೂಲಿಯವರಿಗೆ ವಾರಕ್ಕೊಮ್ಮೆ ಕೊಡುತ್ತಾನೆ, ತಾನು ಪಡೆಯುವುದು ರನ್ನಿಂಗ್ ಬಿಲ್ ಪಾಸಾದ ಮೇಲೆ. ಕಾನೂನು ಕೊಡುವ ಕನಿಷ್ಠ 15 ದಿನದಲ್ಲಿಯೇ ಎರಡು ಬಟವಾಡೆಗಳಾದರೂ ಬರುತ್ತವೆ. 45 ದಿನದಲ್ಲಿ ಆರಾದರೂ.

7. ಕಡಿತದ ಅಧಿಕಾರ ಯಾರದು?

'ಕೆಲಸ ಕೆಟ್ಟಿದೆ' ಎಂದು ಡೆಬಿಟ್ ನೋಟ್ ಬರೆದು ಬಿಲ್ಲಿನಿಂದ ಕಳೆಯುವುದು ರೂಢಿ. ಇಲ್ಲಿ ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ವಿರುದ್ಧ ಕರ್ನಾಟಕ ರಾಜ್ಯದ ಪ್ರಕರಣ (ಸುಪ್ರೀಂ ಕೋರ್ಟ್, 1987) ಪ್ರಸ್ತುತ. ಕರಾರು ಭಂಗವನ್ನು ಇನ್ನೊಂದು ಪಕ್ಷ ಒಪ್ಪದಿದ್ದಾಗ, ಭಂಗವಾಗಿದೆಯೇ ಎಂಬುದನ್ನು ಒಂದು ಪಕ್ಷವೇ ತೀರ್ಮಾನಿಸಿ ನಷ್ಟ ನಿಗದಿಪಡಿಸಲಾಗದು ಎಂಬುದು ಅದರ ಸಾರ. ಅದು ಕಟ್ಟಡ ಕಾಮಗಾರಿಯ ಪ್ರಕರಣವಲ್ಲ. ತತ್ತ್ವ ಮಾತ್ರ ಇಲ್ಲಿಗೆ ಹೊಂದುವಂತಿದೆ.

ಬರಹವಿಲ್ಲದೆ ಮಾಡಿಸಿದ ಹೆಚ್ಚುವರಿ ಕೆಲಸಕ್ಕೆ ಕರಾರು ಕಾಯ್ದೆಯ 70ನೆಯ ಕಲಂ ಆಸರೆಯಾಗಬಹುದು. ಬಿ.ಕೆ. ಮಂಡಲ್ ಪ್ರಕರಣದಲ್ಲಿ (ಎಐಆರ್ 1962) ವಿಧಿಬದ್ಧ ಕರಾರಿಲ್ಲದೆ ಸರ್ಕಾರಕ್ಕೆ ಕಟ್ಟಿಕೊಟ್ಟ ಕೆಲಸದ ಹಣ ಈ ಕಲಂನಡಿ ಸಂದಿತು. ಆದರೆ ಕರಾರಿನಲ್ಲಿ ಆಗಲೇ ಒಳಗೊಂಡ ಕೆಲಸಕ್ಕೆ ಈ ದಾರಿ ಸಾಮಾನ್ಯವಾಗಿ ತೆರೆಯದು.

8. 'ಮಾಲೀಕರಿಂದ ಬಂದ ಮೇಲೆ ಕೊಡುತ್ತೇವೆ'

ಮೇಲಿನ ಪಾವತಿ ಬಂದ ಮೇಲೆಯೇ ಕೆಳಗೆ ಪಾವತಿ ಎಂಬ ಷರತ್ತನ್ನು ಬ್ರಿಟನ್ 1996ರ ಕಾಯ್ದೆಯ 113ನೆಯ ಕಲಂನಲ್ಲಿ, ಮೇಲಿನವರು ದಿವಾಳಿಯಾದ ಸಂದರ್ಭ ಬಿಟ್ಟು, ಅಸಿಂಧುಗೊಳಿಸಿತು. ಸಿಂಗಪುರ 2004ರ ಕಾಯ್ದೆಯಲ್ಲಿ ಅದೇ ಹಾದಿ ಹಿಡಿಯಿತು. ನಮ್ಮಲ್ಲಿ ಕಟ್ಟಡ ಪಾವತಿಗೆಂದೇ ಅಂಥ ಕಾಯ್ದೆಯಿಲ್ಲ. ಷರತ್ತು ಬರಹದಲ್ಲಿದ್ದರೆ ಅದರ ಪದಗಳ ಮೇಲೆ ನಿರ್ಣಯ ನಿಲ್ಲುತ್ತದೆ. ಬಾಯಿಮಾತಿನಲ್ಲಿದ್ದರೆ ಅದನ್ನು ಸಾಬೀತುಪಡಿಸುವ ಭಾರ, ಬಹುಶಃ, ಅದನ್ನು ಮುಂದೊಡ್ಡುವವರದು.

ಬಾಕಿ ವಸೂಲಿಗೆ ದಾರಿಗಳು ಮೂರು: ಎಂಎಸ್‌ಎಂಇಡಿ ಕಾಯ್ದೆಯಡಿಯ ಸೌಲಭ್ಯ ಮಂಡಳಿ, ಕರಾರಿನಲ್ಲಿ ಷರತ್ತಿದ್ದರೆ 1996ರ ಮಧ್ಯಸ್ಥಿಕೆ ಕಾಯ್ದೆ, 3 ಲಕ್ಷ ರೂ. ಮತ್ತು ಮೇಲ್ಪಟ್ಟ ನಿರ್ಮಾಣ ಕರಾರಿನ ದಾವೆಗೆ ವಾಣಿಜ್ಯ ನ್ಯಾಯಾಲಯ. ಮೂರನೆಯದರಲ್ಲಿ ತುರ್ತು ಪರಿಹಾರ ಕೋರದಿದ್ದರೆ 12ಎ ಕಲಂನ ದಾವೆಪೂರ್ವ ಸಂಧಾನ ಕಡ್ಡಾಯವೆಂದು 2022ರ ಪಾಟೀಲ್ ಆಟೊಮೇಷನ್ ತೀರ್ಪು ಹೇಳಿದೆ.

9. ಅಡಗಿದ ದೋಷ

15 ದಿನದ ನಿಯಮಕ್ಕೆ ಗಂಭೀರ ಪ್ರತಿವಾದವೊಂದಿದೆ: ಎಲ್ಲ ದೋಷ ಕಣ್ಣಿಗೆ ಬೀಳದು. ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮೆಟ್ರೊ ಮಾರ್ಗ ತೆರೆದದ್ದು 2011ರ ಅಕ್ಟೋಬರ್ 20ರಂದು. ಟ್ರಿನಿಟಿ ನಿಲ್ದಾಣದ ಬಳಿ 155ನೆಯ ಕಂಬದ ಮೇಲಿನ ತೊಲೆಯ ಕಾಂಕ್ರೀಟಿನಲ್ಲಿ ಹನಿಕೋಂಬ್, ಅಂದರೆ ಜಲ್ಲಿಯ ನಡುವೆ ಸಿಮೆಂಟ್ ಹಾಲು ತುಂಬದ ಪೊಳ್ಳು, ಸುದ್ದಿಯಾದದ್ದು 2018ರ ಡಿಸೆಂಬರ್‌ನಲ್ಲಿ. ತಿಂಗಳ ಕೊನೆಯಲ್ಲಿ ಎಂ.ಜಿ. ರಸ್ತೆ–ಇಂದಿರಾನಗರ ನಡುವೆ ಓಡಾಟ ನಿಲ್ಲಿಸಿ ದುರಸ್ತಿ ನಡೆಯಿತು. ನಡುವಿನ ಅಂತರ ಸುಮಾರು ಏಳು ವರ್ಷ ಎರಡು ತಿಂಗಳು. ಈ ಉದಾಹರಣೆ ಉಪಗುತ್ತಿಗೆಯ ಹೊಣೆಯನ್ನು ಸೂಚಿಸಲು ಅಲ್ಲ, ಕಾಲಮಾನವನ್ನು ತೋರಿಸಲು. ಅಡಗಿದ ದೋಷಕ್ಕೆ ತಡೆಹಿಡಿದ ಹಣವೂ ದೋಷ ಹೊಣೆಗಾರಿಕೆಯ ಅವಧಿಯೂ ಬೇರೆ ಷರತ್ತುಗಳಾಗಿ ಬೇಕು. ಕಣ್ಣಿಗೆ ಕಾಣುವ ಕೆಲಸದ ಬಿಲ್ಲನ್ನು ಅದರ ಹೆಸರಿನಲ್ಲಿ ತಡೆಯುವುದಕ್ಕೆ ಸಮರ್ಥನೆ ಕಷ್ಟ.

10. ತೀರ್ಮಾನ

ಲಭ್ಯ ಕಾನೂನು ಮತ್ತು ಮಾನಕಗಳಿಂದ ಇಷ್ಟನ್ನು ಹೇಳಬಹುದು. ಅಳತೆಯ ವಿಧಾನ, ಕ್ಯೂರಿಂಗಿನ ದಿನಗಳು, ಆಕ್ಷೇಪದ ದಿನಾಂಕ ಈ ಮೂರೂ ಬರಹದಲ್ಲಿದ್ದರೆ ವ್ಯಾಜ್ಯದ ಹೆಚ್ಚಿನ ಪಾಲು ಲೆಕ್ಕದ ಪ್ರಶ್ನೆಯಾಗಿ ಉಳಿಯುತ್ತದೆ. ಇಲ್ಲದಿದ್ದರೆ ಅದು ಸಾಕ್ಷಿಯ ಪ್ರಶ್ನೆಯಾಗುತ್ತದೆ, ಮತ್ತು ಸಾಕ್ಷಿ ಒದಗಿಸುವ ಶಕ್ತಿ ಇಬ್ಬರಿಗೂ ಸಮಾನವಾಗಿಲ್ಲ. ಅಳತೆ ಹಾಳೆಯ ಕೆಳಗೆ ಎರಡು ಸಹಿ, ಒಂದು ದಿನಾಂಕ. ದೋಷ ಕಂಡರೆ 15 ದಿನದೊಳಗೆ ಒಂದು ಪತ್ರ. ಕೆಲಸ ಕೊಡುವವರೂ ಹಿಡಿಯುವವರೂ ಇಷ್ಟನ್ನು ಮೊದಲ ಬಿಲ್ಲಿನಿಂದಲೇ ರೂಢಿಸಿಕೊಳ್ಳಬೇಕು.