ಅಕ್ವೇರಿಯಂಗೆ ಮರದ ಸ್ಟ್ಯಾಂಡ್: ಭಾರ ಹೊರಬೇಕು, ನೀರನ್ನೂ ತಡೆಯಬೇಕು

ಕೊಪ್ಪಳ: ಬಣ್ಣದ ಮೀನುಗಳನ್ನೂ ಗಾಜಿನ ತೊಟ್ಟಿಯನ್ನೂ ಆರಿಸುವಾಗ ಇರುವ ಆಸಕ್ತಿ, ತೊಟ್ಟಿಯನ್ನಿಡುವ ಸ್ಟ್ಯಾಂಡ್ ವಿಷಯದಲ್ಲಿ ಇರುವುದಿಲ್ಲ. ಟಿ.ವಿ. ಮೇಜಿನ ಮೇಲೋ ಹಳೆಯ ಟೀಪಾಯಿಯ ಮೇಲೋ ತೊಟ್ಟಿ ಇಡುವುದು ಸಾಮಾನ್ಯ. ಭಾರಕ್ಕೆ ಹಲಗೆ ಬಾಗಿದರೆ ಗಾಜು ಸೀಳಬಹುದು. ಮಕ್ಕಳಿರುವ ಮನೆಯಲ್ಲಿ ಇದು ಅಪಾಯಕ್ಕೂ ದಾರಿ. ಅಳತೆ ಹಾಗೂ ಲೇಪನದಲ್ಲಿ ಎಚ್ಚರ ವಹಿಸಿದರೆ ಗಟ್ಟಿಮುಟ್ಟಾದ ಸ್ಟ್ಯಾಂಡನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದು.

ಭಾರದ ಲೆಕ್ಕ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 125 ಲೀಟರ್ ನೀರು ಹಿಡಿಯುತ್ತದೆ. ಗಾಜು ಹಾಗೂ ಕಲ್ಲಿನ ಹರಳು ಸೇರಿ ಒಟ್ಟು ಭಾರ 160 ಕಿಲೋ ಸಮೀಪಿಸುತ್ತದೆ. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ 25 ಕಿಲೋ ಚೀಲಗಳನ್ನು ಆರಕ್ಕೂ ಹೆಚ್ಚು ಪೇರಿಸಿ, ವರ್ಷಗಟ್ಟಲೆ ಕದಲಿಸದೆ ಇಟ್ಟಂತೆ ಇದು.

ಮರ ಮತ್ತು ಚೌಕಟ್ಟು

ಚೆನ್ನಾಗಿ ಒಣಗಿದ ತೇಗ, ಮತ್ತಿ ಅಥವಾ ಬೇವಿನ ಮರ ಸೂಕ್ತ. ಹಸಿ ಮರವು ಬೇಸಿಗೆಯ ಒಣ ಹವೆಯಲ್ಲಿ ಕುಗ್ಗಿ, ಸೊಟ್ಟಗಾಗುತ್ತದೆ. ಸುಮಾರು 3 ಅಂಗುಲ ದಪ್ಪದ ನಾಲ್ಕು ಕಾಲುಗಳಿರಲಿ. ಮೇಲಿನ ಚೌಕಟ್ಟಿನ ಪಟ್ಟಿಗಳು ಕಾಲುಗಳ ತಲೆಯ ಮೇಲೆಯೇ ಕೂರಬೇಕು. ಪಕ್ಕಕ್ಕೆ ಜೋಡಿಸಿದರೆ ಇಡೀ ಭಾರವನ್ನು ಸ್ಕ್ರೂಗಳೇ ಹೊರಬೇಕಾಗುತ್ತದೆ. ಕೀಲುಗಳಿಗೆ ಬಡಗಿಗಳ ಬಿಳಿ ಅಂಟು ಸವರಿ, ಮೊದಲು ರಂಧ್ರ ಕೊರೆದು ಬಳಿಕ ಸ್ಕ್ರೂ ಹಾಕಬೇಕು. ಹಿಂಬದಿಗೆ ಪ್ಲೈವುಡ್ ಹಲಗೆ ಇಲ್ಲವೇ ಓರೆ ಪಟ್ಟಿ ಬಡಿದರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲುವುದಿಲ್ಲ. ಮೇಲ್ಹಲಗೆಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಉತ್ತಮ. ಅದು ತೊಟ್ಟಿಯ ತಳಕ್ಕಿಂತ ಕಿರಿದಾಗಿರಬಾರದು.

ಕಿನ್ನಾಳ ಕಲೆಯ ಪಾಠ

ಲೇಪನದ ವಿಷಯದಲ್ಲಿ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರ ಕ್ರಮ ಗಮನಾರ್ಹ. ಗೊಂಬೆ ಮತ್ತು ದೇವತಾ ಮೂರ್ತಿಗಳ ಮರಕ್ಕೆ ಅವರು ನೇರವಾಗಿ ಬಣ್ಣ ಬಳಿಯುವುದಿಲ್ಲ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೊದಲು ಹಚ್ಚುತ್ತಾರೆ. ಅದರ ಮೇಲೆ ಹತ್ತಿ, ಕಲ್ಲಿನ ಪುಡಿಯ ಲೇಪ, ಆಮೇಲಷ್ಟೇ ಬಣ್ಣ. ಗೊಂಬೆಗೆ ಬಳಸುವ ಹಗುರ ಮರವಾಗಲಿ, ಹುಣಸೆ ಅಂಟಾಗಲಿ ಅಕ್ವೇರಿಯಂ ಸ್ಟ್ಯಾಂಡಿಗೆ ಒಗ್ಗದು. ಆದರೆ ತಳ ಸಿದ್ಧಪಡಿಸದೆ ಬಣ್ಣ ನಿಲ್ಲದು ಎಂಬ ಅವರ ಪಾಠ ಇಲ್ಲಿಗೂ ಸಲ್ಲುತ್ತದೆ.

ಮರವನ್ನು 80, 120, 220 ನಂಬರಿನ ಉಜ್ಜು ಕಾಗದದಿಂದ ಕ್ರಮವಾಗಿ, ನಾರಿನ ಗುಂಟ ಉಜ್ಜಿ ಧೂಳು ಒರೆಸಬೇಕು. ಬಡಗಿಗಳು ಸಾಮಾನ್ಯವಾಗಿ ಬಳಸುವ ಸ್ಪಿರಿಟ್ ಮತ್ತು ಅರಗಿನ ಪಾಲಿಶ್ ನೋಡಲು ಚೆಂದ. ಆದರೆ ನೀರು ನಿಂತಲ್ಲಿ ಅದು ಬೆಳ್ಳಗಾಗುತ್ತದೆ. ಬದಲಿಗೆ ಪಾಲಿಯುರಿಥೇನ್ ವಾರ್ನಿಷ್ ಅನ್ನು ಮೂರು ಪದರ ಹಚ್ಚುವುದು ಲೇಸು. ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಹಗುರವಾಗಿ ಉಜ್ಜಿ ಮುಂದಿನದನ್ನು ಬಳಿಯಬೇಕು. ಕಾಲುಗಳ ತಳ, ಪ್ಲೈವುಡ್ ಅಂಚು ಹಾಗೂ ಸ್ಕ್ರೂ ರಂಧ್ರಗಳನ್ನು ಮರೆಯಬಾರದು. ನೀರು ಒಳಸೇರುವುದು ಅಲ್ಲಿಂದಲೇ. ಕುಷ್ಟಗಿ, ಯಲಬುರ್ಗಾ ಭಾಗದ ಗಡಸು ಕೊಳವೆಬಾವಿ ನೀರು ಚೆಲ್ಲಿ ಒಣಗಿದರೆ ಬಿಳಿ ಕಲೆ ಉಳಿಯುವುದರಿಂದ ತಕ್ಷಣ ಒರೆಸುವುದು ಒಳ್ಳೆಯದು.

ನೀರು ತುಂಬುವ ಮುನ್ನ

ಹಾಸುಗಲ್ಲಿನ ನೆಲ ಎಲ್ಲೆಡೆ ಸಮವಾಗಿರುವುದಿಲ್ಲ. ರಸಮಟ್ಟ ಇಟ್ಟು ಉದ್ದ, ಅಗಲ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ, ತಗ್ಗಿದ ಕಾಲಿನಡಿ ಗಟ್ಟಿ ಬಿಲ್ಲೆ ಕೊಡಬೇಕು. ವಾರ್ನಿಷ್ ವಾಸನೆ ಹೋಗುವವರೆಗೆ ಸ್ಟ್ಯಾಂಡನ್ನು ಗಾಳಿಯಾಡುವೆಡೆ ಬಿಡಬೇಕು. ತಳಕ್ಕೆ ಚೌಕಟ್ಟಿಲ್ಲದ ಗಾಜಿನ ತೊಟ್ಟಿಯಾದರೆ ಅಡಿಗೆ ತೆಳು ಥರ್ಮಾಕೋಲ್ ಹಾಳೆ ಹಾಸಬೇಕು. ಅರ್ಧ ನೀರು ತುಂಬಿ ಒಂದು ದಿನ ಬಿಟ್ಟು ಮತ್ತೆ ಮಟ್ಟ ನೋಡಬೇಕು. ವಾಲಿದ್ದು ಕಂಡರೆ ನೀರು ಖಾಲಿ ಮಾಡಿದ ನಂತರವೇ ಸರಿಪಡಿಸಬೇಕು. ತುಂಬಿದ ತೊಟ್ಟಿಯನ್ನು ಎತ್ತುವುದಾಗಲಿ ಜರುಗಿಸುವುದಾಗಲಿ ಸಲ್ಲದು.

ವಿದ್ಯುತ್ ಪ್ಲಗ್ ಸ್ಟ್ಯಾಂಡಿನ ನೇರ ಕೆಳಗೆ ಇರಬಾರದು. ತಂತಿಯನ್ನು ಪ್ಲಗ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿ ಜೋಡಿಸಿದರೆ ಜಾರಿದ ಹನಿ ನೆಲಕ್ಕೆ ಬೀಳುತ್ತದೆಯೇ ಹೊರತು ಪ್ಲಗ್ ಒಳಗೆ ಹೋಗುವುದಿಲ್ಲ. ಇಷ್ಟಾದ ಮೇಲೆ ಮೀನುಗಳನ್ನು ತರಬಹುದು.