ಸ್ಕ್ವೀಜಿಯ ತೂಕ, ಭುಜದ ಲೆಕ್ಕ

ಕಿಟಕಿ ಗಾಜಿನ ನೀರೆಳೆಯೋ ಸ್ಕ್ವೀಜಿಗೆ ಅಷ್ಟೊಂದು ದುಡ್ಡಾ ಅಂತ ಮೂಗು ಮುರಿಯೋರು ಈ ಕಥೆ ಕೇಳಿ. ಅಮೆರಿಕದಲ್ಲಿ ಮೊದಲು ಬಳಕೆಯಲ್ಲಿದ್ದದ್ದು ‘ಷಿಕಾಗೋ ಸ್ಕ್ವೀಜಿ’. ಭಾರದ ಉಕ್ಕು, ಎರಡು ದಪ್ಪ ರಬ್ಬರ್ ಪಟ್ಟಿ. ಪಟ್ಟಿ ಬದಲಿಸಬೇಕಂದ್ರೆ ಸಾಲು ಸಾಲು ಸ್ಕ್ರೂ ಬಿಚ್ಚಬೇಕು!

ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿದ್ದ ಇಟಲಿಯ ವಲಸಿಗ ಎಟ್ಟೋರೆ ಸ್ಟೆಕ್ಕೋನೆ 1936ರಲ್ಲಿ ಹಿತ್ತಾಳೆಯ ಹಿಡಿಗೆ ಒಂದೇ ಒಂದು ತೆಳು ರಬ್ಬರ್ ಪಟ್ಟಿ ಹಾಕಿದ. ಹಿತ್ತಾಳೆಯೇನೂ ಉಕ್ಕಿಗಿಂತ ಹಗುರವಲ್ಲ, ಹಗುರವಾದದ್ದು ವಿನ್ಯಾಸ. ಇವತ್ತಿನ ಸ್ಕ್ವೀಜಿಗಳೂ ಹೆಚ್ಚುಕಡಿಮೆ ಅದೇ ರೂಪ. ಇದನ್ನು ಮಾಡಿದವನು ಸ್ವತಃ ಗಾಜು ಒರೆಸಿ ಹೊಟ್ಟೆ ಹೊರೆದವನು ಅನ್ನೋದು ಗಮನಿಸಿ.

ಎರಡು ಕಿಟಕಿಯ ಮನೆಗೆ ಹಳೇ ಪೇಪರ್ರೇ ಸಾಕು. ಆದ್ರೆ ಗಾಜಿನ ಕಟ್ಟಡಕ್ಕೆ ಹಗ್ಗದಲ್ಲಿ ನೇತಾಡಿ ದಿನವಿಡೀ ಕೈಯೆತ್ತೋನಿಗೆ? ಅಲ್ಲಿ ದುಡ್ಡು ಕೊಡೋರು ಬೇರೆ, ತೂಕ ಹೊರೋರು ಬೇರೆ. ಬೆಲೆ ಹೆಚ್ಚೋ ಕಮ್ಮಿಯೋ ಅಂತ ಆ ಭುಜವನ್ನೇ ಕೇಳಬೇಕು. ಏನಂತೀರಿ?