ಅಮೆರಿಕಕ್ಕೆ ಪತ್ನಿ, ಮಕ್ಕಳನ್ನು ಕರೆಸಿಕೊಳ್ಳುವ ನಿಯಮಗಳು

ಅಮೆರಿಕದ ಪೌರತ್ವ ಪಡೆದವರು ಊರಿನಲ್ಲಿರುವ ಪತ್ನಿಯನ್ನು ಕರೆಸಿಕೊಳ್ಳಲು ಐ-130 ಅರ್ಜಿ ಸಲ್ಲಿಸಬೇಕು. ಪತ್ನಿಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ವಾರ್ಷಿಕ ವೀಸಾ ಮಿತಿ ಇಲ್ಲ. ಆದರೆ ತಾಯಿಯ ಅರ್ಜಿಯಲ್ಲಿ ಮಕ್ಕಳು ಸೇರುವುದಿಲ್ಲ. ಪ್ರತಿ ಮಗುವಿಗೂ ಬೇರೆ ಅರ್ಜಿ ಬೇಕು. ಇದನ್ನು ಮರೆತರೆ ತಾಯಿಗೆ ವೀಸಾ ಬಂದರೂ ಮಗು ಅಜ್ಜ-ಅಜ್ಜಿಯ ಬಳಿಯೇ ಉಳಿಯಬೇಕಾಗುತ್ತದೆ.

ಅಮೆರಿಕಕ್ಕೆ ಕಾಲಿಟ್ಟ ದಿನ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ, ಪತ್ನಿಗೆ 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಸಿಗುತ್ತದೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಪತಿ-ಪತ್ನಿ ಕೂಡಿ ಐ-751 ಅರ್ಜಿ ಕೊಡಬೇಕು.

ಮಕ್ಕಳ ಪೌರತ್ವಕ್ಕೆ 2000ನೇ ಇಸವಿಯ ಕಾಯ್ದೆ ಇದೆ. ಮಗು 18 ತುಂಬುವ ಮೊದಲು ಗ್ರೀನ್ ಕಾರ್ಡ್ ಪಡೆದು, ಪೌರತ್ವವುಳ್ಳ ತಂದೆ ಅಥವಾ ತಾಯಿಯ ಪಾಲನೆಯಲ್ಲಿ ಅಲ್ಲಿ ವಾಸಿಸಿದರೆ ತಾನಾಗಿಯೇ ಪೌರನಾಗುತ್ತದೆ. 18 ದಾಟಿದವರು ಸಾಮಾನ್ಯವಾಗಿ 5 ವರ್ಷ ನೆಲೆಸಿ, ಸ್ವತಃ ಅರ್ಜಿ ಹಾಕಬೇಕು.

ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ವಿದೇಶಿ ಪೌರರಾದ ಮಕ್ಕಳಿಗೆ ಓಸಿಐ ಕಾರ್ಡ್ ಮಾಡಿಸಬಹುದು. ಅದರಿಂದ ಮತದಾನದ ಹಕ್ಕು ಬರುವುದಿಲ್ಲ.

ಆದ್ದರಿಂದ ಮಗುವಿನ ಜನ್ಮದಿನಾಂಕವನ್ನು ಮುಂದಿಟ್ಟುಕೊಂಡು, ತಾಯಿ-ಮಕ್ಕಳ ಅರ್ಜಿಗಳನ್ನು ಒಂದೇ ಸಲ ಸಲ್ಲಿಸುವುದು ಉತ್ತಮ.